ಕತ್ತಲ ತೊಟ್ಟಿಯ ಕವಲುಗಳು

ಮಿರೇಯ್‌ಗೆ ಆ ಶುಕ್ರವಾರ ಲ್ಯಾಬಿನ ಮೀಟಿಂಗಿನಲ್ಲಿ ಎಲ್ಲರೆದುರು ಮುಖಭಂಗವಾಯಿತು. ಮಾಡಿದವರು ಹೊರಗಿನವರಾಗಿದ್ದರೆ ಮನಸ್ಸಿನಲ್ಲೇ ನಾಲ್ಕು ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಮಾಡಿದ್ದು ಅವಳೇ ಸಾಕಿದ ಗೊದಮೊಟ್ಟೆಗಳು.

ಆ ಗೊದಮೊಟ್ಟೆಗಳ ಮೈ ಗಾಜಿನಂತೆ, ಚರ್ಮದ ಮೂಲಕವೇ ಮಿದುಳು ಕಾಣುತ್ತದೆ. ಕಣ್ಣು ಕಂಡದ್ದು ಮಿದುಳಿನ ಯಾವ ಭಾಗಕ್ಕೆ ತಲುಪುತ್ತದೋ ಅಲ್ಲಿನ ಒಂದೇ ಒಂದು ನರಕೋಶಕ್ಕೆ ಹೊಳೆಯುವ ಬಣ್ಣ ತುಂಬಬೇಕು. ಮರಿಯನ್ನು ಮದ್ದು ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಮಲಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಫೋಟೊ ತೆಗೆದು, ಎಬ್ಬಿಸಿ ಮತ್ತೆ ತೊಟ್ಟಿಗೆ ಬಿಡಬೇಕು. ಇದು ಮಿರೇಯ್‌ಳ ಕಸುಬು. ಆ ಕೋಶ ನೋಡುವುದಕ್ಕೆ ಜನವರಿಯ ಮೇಪಲ್ ಮರದ ಹಾಗೆ, ಎಲೆಯಿಲ್ಲದ ಬರೀ ರೆಂಬೆ. ಆದರೆ ಮರದ ಹಾಗೆ ಗಂಭೀರವಾಗಿ ನಿಂತಿರುವ ಜಾತಿ ಅಲ್ಲ. ಬೆಳಿಗ್ಗೆ ಚಾಚಿದ ಟಿಸಿಲನ್ನು ಮಧ್ಯಾಹ್ನಕ್ಕೆ ಒಳಗೆಳೆದುಕೊಂಡು ಇನ್ನೊಂದು ಕಡೆ ಚಾಚುತ್ತದೆ. ಚಾಚಿದ ಕಡೆ ಯಾರಾದರೂ ಮಾತಾಡಿಸಿದರೆ ಆ ಟಿಸಿಲು ಉಳಿಯುತ್ತದೆ, ಗಟ್ಟಿಯಾಗುತ್ತದೆ, ಮತ್ತೆ ಕವಲೊಡೆಯುತ್ತದೆ. ಯಾರೂ ಕ್ಯಾರೇ ಅನ್ನದಿದ್ದರೆ ಒಣಗಿಹೋಗುತ್ತದೆ.

ಹಾಗಂತ ಅವಳು ನಂಬಿದ್ದಳು. ಅದಕ್ಕೇ ಎರಡು ತೊಟ್ಟಿ ಮಾಡಿದ್ದಳು. ಒಂದರ ಮುಂದೆ ಬೆಳಗಿನಿಂದ ಸಂಜೆವರೆಗೆ ಮಿನುಗುವ ದೀಪಗಳು. ಇನ್ನೊಂದು ಕಪ್ಪು ಪೆಟ್ಟಿಗೆಯೊಳಗೆ, ಸೂಜಿಮೊನೆಯಷ್ಟೂ ಬೆಳಕು ನುಗ್ಗದ ಹಾಗೆ. ಬೆಳಕು ಕಂಡ ಮರಿಗಳ ಕೋಶ ಪೊದೆಯಂತೆ ಕವಲೊಡೆಯಬೇಕು, ಕತ್ತಲ ಮರಿಗಳದ್ದು ಬೋಳಾಗಿರಬೇಕು. ಇಡೀ ಚಳಿಗಾಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಳೆದದ್ದಾಯಿತು. ಫಲಿತಾಂಶ ನೋಡಿದರೆ, ಎರಡೂ ಸರಿಸಮ.

ಲ್ಯಾಬಿನ ಒಡತಿ ಇಲ್ಡಿಕೊ ಪರದೆಯ ಮೇಲಿನ ಎರಡು ಗೆರೆಗಳನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಹಂಗೇರಿಯಿಂದ ಮಾಂಟ್ರಿಯಲ್‌ಗೆ ಬಂದು ಕೂದಲು ಬೆಳ್ಳಗಾದರೂ ನಾಲಿಗೆ ಮಾತ್ರ ಹೊಸದಾಗಿ ಸಾಣೆ ಹಿಡಿದಂತಿತ್ತು.

"ಏನಮ್ಮ ಮಿರೇಯ್, ಅವಳಿ ಮಕ್ಕಳನ್ನ ತಂದು ತೋರಿಸ್ತಿದ್ದೀಯಲ್ಲ! ಯಾವುದು ಬೆಳಕು, ಯಾವುದು ಕತ್ತಲು, ಹೆತ್ತವಳಿಗಾದ್ರೂ ಗೊತ್ತಾಗತ್ತಾ?"

ಮೇಜಿನ ಸುತ್ತ ಕೂತವರು ಕಿಸಕ್ಕೆಂದರು. ಮಿರೇಯ್ ಕೂಡ ನಕ್ಕಳು. ನಗದೆ ಏನು ಮಾಡುವುದು?

"ಎಲ್ಲೋ ತಪ್ಪಿದೆ," ಅಂದಳು.

"ತಪ್ಪಿರೋದು ನಿನ್ನ ಲೆಕ್ಕದಲ್ಲೋ, ನಿನ್ನ ಆಸೇಲೋ? ಎರಡನೇದಾದ್ರೆ ಬೇಗ ಬಿಡು. ನಾನು ಆಸೆ ಬಿಡಕ್ಕೆ ತಡಮಾಡಿ ಒಬ್ಬ ಗಂಡನ್ನ ಹನ್ನೊಂದು ವರ್ಷ ಸಾಕ್ದೆ."

ಲೆಕ್ಕದಲ್ಲಿ ತಪ್ಪಿರುವ ಹಾಗೇ ಇರಲಿಲ್ಲ. ಇಲ್ಡಿಕೊ ಲ್ಯಾಬಿನಲ್ಲಿ ಒಂದು ಕಟ್ಟುನಿಟ್ಟು. ಮನುಷ್ಯನ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ ಅಂತ ಅವರ ಖಚಿತ ಅಭಿಪ್ರಾಯ. ಹಾಗಾಗಿ ತೆಗೆದ ಫೋಟೊ ನೇರ ಕಂಪ್ಯೂಟರಿಗೆ ಹೋಗುತ್ತದೆ. ಅದು ಎರಡೂ ತೊಟ್ಟಿಯ ಚಿತ್ರಗಳನ್ನು ಕಲಸಿ, ಒಂದೊಂದನ್ನೂ ಬೇಕಾಬಿಟ್ಟಿ ತಿರುಗಿಸಿ, ಮೇಲು ಕೆಳಗು ಗೊತ್ತಾಗದ ಹಾಗೆ ಮಾಡಿ ಕೊಡುತ್ತದೆ. ಅಳೆಯುವವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರ ಹಾಗೆ ಬರೀ ಉದ್ದ ಅಳೆಯಬೇಕು, ತುದಿ ಎಣಿಸಬೇಕು. ಕೊನೆಗೆ ಅಂಕಿ ಮಾತ್ರ ಹೊರಗೆ ಬರುತ್ತದೆ. ಮೂಲ ಚಿತ್ರವನ್ನು ಬಿಚ್ಚಿ ನೋಡುವುದೆಂದರೆ ಆ ಲ್ಯಾಬಿನಲ್ಲಿ ಪಕ್ಕದವನ ಪರೀಕ್ಷೆ ಪೇಪರಿಗೆ ಇಣುಕಿದಷ್ಟೇ ಅವಮಾನ. ಮಿರೇಯ್ ಒಮ್ಮೆಯೂ ಇಣುಕಿರಲಿಲ್ಲ. ಅದು ಅವಳ ಹೆಮ್ಮೆ.

ಬೇರೆ ವರ್ಷವಾಗಿದ್ದರೆ ಇದು ಲ್ಯಾಬಿನ ಮಾತು, ಲ್ಯಾಬಿನಲ್ಲೇ ಮುಗಿಯುತ್ತಿತ್ತು. ಈ ವರ್ಷ ಹಾಗಾಗಲಿಲ್ಲ. ಅವಳ ತಮ್ಮ ಲುಡೊವಿಕ್‌ಗೆ ಕ್ರಿಸ್ಮಸ್‌ಗೆ ಮುಂಚೆ ಮಗಳು ಹುಟ್ಟಿದ್ದಳು. ಒದೀಲ್ ಅಂತ ಹೆಸರು. ಮುದ್ದಾದ ಕೂಸು. ಆದರೆ ಎರಡೂ ಕಣ್ಣಿನ ಪಾಪೆಯಲ್ಲಿ ಹಾಲು ಚೆಲ್ಲಿದ ಹಾಗೆ ಬಿಳಿ ಪೊರೆ. ಹುಟ್ಟುಪೊರೆ, ಆದಷ್ಟು ಬೇಗ ತೆಗೆಯಬೇಕು ಅಂತ ಆಸ್ಪತ್ರೆಯವರು ಮುಂದಿನ ಗುರುವಾರದ ದಿನ ಕೊಟ್ಟಿದ್ದರು. ಸೋಮವಾರ ಮಧ್ಯಾಹ್ನದೊಳಗೆ ಹೂಂ ಅನ್ನದಿದ್ದರೆ ಆ ಜಾಗ ಇನ್ನೊಂದು ಮಗುವಿಗೆ. ಲುಡೊ ಹೂಂ ಅನ್ನಲು ತಯಾರಿರಲಿಲ್ಲ.

ಭಾನುವಾರ ಊಟಕ್ಕೆ ಬಾ ಅಂತ ಅವನ ಹೆಂಡತಿ ಸೊಲೇನ್ ಕರೆದದ್ದು ಅದಕ್ಕೇ. "ನಾನು ಹೇಳಿದ್ರೆ ಜಗಳ ಆಗತ್ತೆ. ಡಾಕ್ಟ್ರು ಹೇಳಿದ್ರೆ ಅನುಮಾನ. ನೀನು ಹೇಳಿದ್ರೆ ಕೇಳ್ತಾನೆ ಮಿರೇಯ್. ನೀನು ಸುಳ್ಳು ಹೇಳಲ್ಲ ಅಂತ ಅವನಿಗೆ ಗೊತ್ತು," ಅಂತ ಫೋನಿನಲ್ಲಿ ಗೋಗರೆದಿದ್ದಳು.

ರೊಸ್ಮೋಂ ಬಡಾವಣೆಯ ಆ ಮನೆಯ ಹೊರಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಮಿರೇಯ್ ಕಂಬಿ ಹಿಡಿದು ಹತ್ತಿ ಒಳಗೆ ಹೋದರೆ ಬೆಚ್ಚಗಿನ ಮಾಂಸದ ಕಡುಬಿನ ವಾಸನೆ, ಮಗುವಿನ ಅಳು. ಲುಡೊ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯಲ್ಲಿ ಶತಪಥ ಹಾಕುತ್ತಿದ್ದ. ನಗರದ ಹಿಮ ಬಾಚುವ ದೊಡ್ಡ ಗಾಡಿ ಓಡಿಸುವವನು, ಬಾಗಿಲು ತುಂಬುವ ಆಳು. ಕೂಸು ಅವನ ಹೆಗಲ ಮೇಲೆ ಟವೆಲ್ಲಿನಷ್ಟೇ ಇತ್ತು.

"ಬಂದ್ಯಾ ಮೀಮಿ? ಇವಳು ಕರೆಸಿದ್ದು ಯಾಕೆ ಅಂತ ಗೊತ್ತು ನಂಗೆ. ಮೊದ್ಲು ಊಟ ಮಾಡು, ಆಮೇಲೆ ಬಯ್ಯಿ."

"ಬಯ್ಯಕ್ಕೆ ಬಂದಿಲ್ಲ ಕಣೋ."

"ಹಾಗಾದ್ರೆ ಇನ್ನೂ ಅಪಾಯ!"

ಊಟಕ್ಕೆ ಕೂತರು. ಮಿರೇಯ್ ನಿಧಾನಕ್ಕೆ ಶುರುಮಾಡಿದಳು. ಹುಟ್ಟಿದ ಮೇಲಿನ ಈ ಮೊದಲ ವಾರಗಳಲ್ಲಿ ಕಣ್ಣಿಗೆ ಚಿತ್ರ ಬಿದ್ದರೇನೇ ಮಿದುಳಿನಲ್ಲಿ ನೋಡುವ ಜಾಗ ಬೆಳೆಯುವುದು, ಪೊರೆ ಆಮೇಲೆ ತೆಗೆದರೆ ಕಣ್ಣು ಸರಿಯಾಗಬಹುದು, ಆದರೆ ನೋಟ ಬರುವುದು ಕಷ್ಟ ಅಂದಳು.

ಲುಡೊ ತಲೆಯೆತ್ತಲಿಲ್ಲ. "ನಾನು ಬೇಡ ಅಂತಿಲ್ಲ ಮೀಮಿ. ಹಿಮ ಕರಗ್ಲಿ, ಮಗು ಸ್ವಲ್ಪ ಮೈಕೈ ತುಂಬ್ಕೊಳ್ಳಿ ಅಂತಿದ್ದೀನಿ. ಇಷ್ಟುದ್ದ ಇದ್ದಾಳೆ, ಇವಳಿಗೆ ಮತ್ತು ಬರಿಸ್ತಾರಂತೆ. ಅಪ್ಪ ಹೇಗಿದ್ದ? ಎತ್ತಿನ ಹಾಗಿದ್ದ. ಒಂದು ಹರ್ನಿಯಾ ಆಪರೇಷನ್. ನಗ್ತಾ ಒಳಗೆ ಹೋದ. ಎದ್ನಾ?"

ಅವನು ಹೆಗಲ ಮೇಲಿನ ಮಗುವನ್ನು ಸರಿಮಾಡಿಕೊಂಡ.

"ನೀನು ದಿನಾ ಮಲಗಿಸ್ತೀಯಲ್ಲ ನಿನ್ನ ಕಪ್ಪೆಮರಿಗಳನ್ನ. ಎಲ್ಲಾ ಏಳ್ತಾವಾ?"

ಸೊಲೇನ್ ಮೇಜಿನ ಕೆಳಗೆ ಅವಳ ಕಾಲು ತುಳಿದಳು. ಹೂಂ ಅಂದುಬಿಡು ಅಂತ ಅರ್ಥ. ಅನ್ನಬಹುದಿತ್ತು. ಒಂದು ಅಕ್ಷರದ ಮಾತು.

"ಹೆಚ್ಚು ಕಮ್ಮಿ ಎಲ್ಲಾ ಏಳ್ತವೆ," ಅಂದಳು ಮಿರೇಯ್. "ಕೆಲವು ಏಳಲ್ಲ."

ಲುಡೊ ಮುಖ ಸುಣ್ಣದ ಹಾಗಾಯಿತು. ಆದರೂ ಬಿಡಲಿಲ್ಲ. "ಸರಿ, ಬೆಳಕಿಂದ್ಲೇ ಬೆಳೆಯೋದು ಅಂತೀಯಲ್ಲ, ಅದೇ ತಾನೇ ನೀನು ಇಡೀ ಚಳಿಗಾಲ ನೋಡ್ತಿದ್ದಿದ್ದು? ಕತ್ತಲಲ್ಲಿಟ್ಟವು ಏನಾದ್ವು?"

"ಲುಡೊ, ಡಾಕ್ಟರ್‌ಗಳಿಗೆ ಮಕ್ಕಳ ಕಣ್ಣಿನ ವಿಷಯ ಎಷ್ಟೋ ವರ್ಷದಿಂದ ಗೊತ್ತು. ನನ್ನ ಗೊದಮೊಟ್ಟೆ ಮೇಲೆ ನಿಂತಿಲ್ಲ ಅದು."

"ಅಡ್ಡಗೋಡೆ ಮೇಲೆ ದೀಪ ಇಡಬೇಡ. ಏನಾದ್ವು ಹೇಳು."

"ಎರಡೂ ಒಂದೇ ಥರ ಬೆಳೆದ್ವು," ಅಂದಳು.

"ಹಾಂ!" ಅಂತ ಲುಡೊ ಕೈಚಾಚಿ ಕುರ್ಚಿಗೆ ಒರಗಿದ. ಗೆದ್ದ ಖುಷಿ ಇರಲಿಲ್ಲ ಅದರಲ್ಲಿ, ಹಿಡಿದುಕೊಳ್ಳಲು ಏನೋ ಸಿಕ್ಕಿತಲ್ಲ ಅನ್ನುವ ನಿರಾಳ. ಸೊಲೇನ್ ತಟ್ಟೆ ಎತ್ತಿಕೊಂಡು ಎದ್ದಳು. "ನಿನ್ನನ್ನ ಕರೆಸಿದ್ದು ಇದಕ್ಕಾ ಮಾರಾಯ್ತಿ? ಪುಣ್ಯ ಬರತ್ತೆ, ನಾಳೆಯಿಂದ ಸುಳ್ಳು ಹೇಳೋದು ಕಲಿ," ಅಂತ ಸಿಂಕಿನ ಕಡೆ ತಿರುಗಿ ನಿಂತಳು. ನಲ್ಲಿಯನ್ನು ಜೋರಾಗಿ ತಿರುಗಿಸಿದಳು.

ಮಿರೇಯ್‌ಗೆ ತನ್ನ ಮೇಲೇ ಅಸಹ್ಯವಾಯಿತು. ಮಗುವಿನ ಕಣ್ಣು ಹೋಗುತ್ತಿದೆ, ಇವಳಿಗೆ ಸತ್ಯದ ಹುಚ್ಚು!

ಅಷ್ಟರಲ್ಲಿ ಬೀದಿಯಲ್ಲಿ ಹಿಮ ಎತ್ತುವ ಲಾರಿಗಳ ಸಾಲು ಬಂತು. ಸದ್ದು ಕೇಳುವ ಮುಂಚೆಯೇ ಮನೆ ಸಣ್ಣಗೆ ನಡುಗಿತು. ಕಪಾಟಿನೊಳಗಿನ ಲೋಟಗಳು ಗಲಗಲ ಅಂದವು. ಲುಡೊ ಹೆಗಲ ಮೇಲೆ ರಚ್ಚೆ ಹಿಡಿದಿದ್ದ ಒದೀಲ್ ಥಟ್ಟನೆ ಸುಮ್ಮನಾದಳು. ಬೆರಳೆಲ್ಲಾ ಅಗಲಿಸಿ, ಬಾಯಿ ಅರೆ ತೆರೆದು, ಮೈಯೆಲ್ಲಾ ಕಿವಿಯಾದಳು. ಲಾರಿ ಬೀದಿಯ ಆ ತುದಿಗೆ ಹೋಗುವ ತನಕ ಅವಳ ಮೈಯ ಗಮನ ಅದರ ಹಿಂದೆಯೇ ಹೋದಂತಿತ್ತು.

"ನೋಡು ನೋಡು, ಅಪ್ಪನ ಗಾಡಿ ಅಂತ ಗೊತ್ತು ನನ್ನ ರಾಣಿಗೆ!" ಲುಡೊ ಅವಳ ತಲೆಗೆ ಮುತ್ತಿಟ್ಟ. "ಕಣ್ಣಿಲ್ದೇನೇ ಎಲ್ಲಾ ತಿಳ್ಕೋತಾಳೆ. ಕತ್ತಲಲ್ಲಿದ್ದಾಳೆ ಅಂತ ಯಾರು ಹೇಳಿದ್ದು?"

ಮಿರೇಯ್ ಕೈಯಲ್ಲಿದ್ದ ಫೋರ್ಕು ಹಾಗೇ ನಿಂತಿತು. ಕತ್ತಲಲ್ಲಿ ಏನೂ ಇಲ್ಲ ಅಂತ ಯಾರು ಹೇಳಿದ್ದು? ಪಂಪು!

"ಎಲ್ಲಿಗೆ ಹೊರಟೆ? ಕಡುಬು ಅರ್ಧಕ್ಕೇ ಬಿಟ್ಟು?" ಅಂದ ಲುಡೊ.

"ಲ್ಯಾಬಿಗೆ. ನಾಳೆ ಬೆಳಿಗ್ಗೆ ಬರ್ತೀನಿ. ನಾನು ಬರೋ ತನಕ ಆಸ್ಪತ್ರೆಗೆ ಫೋನ್ ಮಾಡಬೇಡ. ನನ್ನಾಣೆ!"

ಶರತ್ಕಾಲದಲ್ಲಿ ಕತ್ತಲ ತೊಟ್ಟಿಯ ಮರಿಗಳು ಸಪ್ಪಗೆ ಬಿದ್ದಿರುತ್ತಿದ್ದವು. ಪಾಪ, ಬೆಳಕೂ ಇಲ್ಲ, ನೀರಾದರೂ ತಾಜಾ ಇರಲಿ ಅಂತ ಮಿರೇಯ್ ಅಂಗಡಿಯಿಂದ ಮೀನಿನ ತೊಟ್ಟಿಗೆ ಹಾಕುವ ಪುಟ್ಟ ಗಾಳಿ ಪಂಪು ತಂದು ಆ ಪೆಟ್ಟಿಗೆಯೊಳಗೆ ಇಟ್ಟಿದ್ದಳು. ಬೆಳಕಿನ ತೊಟ್ಟಿಯವು ಚುರುಕಾಗಿದ್ದವು, ಅವಕ್ಕೆ ಬೇಡವೆನಿಸಿತ್ತು. ಇಟ್ಟು ಮರೆತಿದ್ದಳು. ಕರುಣೆಯಿಂದ ಮಾಡಿದ ಕೆಲಸ ಯಾರ ತಲೆಯಲ್ಲಿ ತಪ್ಪು ಅಂತ ಉಳಿಯುತ್ತದೆ?

ಭಾನುವಾರ ಮಧ್ಯಾಹ್ನ ಲ್ಯಾಬಿನಲ್ಲಿ ಇಲ್ಡಿಕೊ ಒಬ್ಬರೇ ಇದ್ದರು. ಭಾನುವಾರವೂ ಬರುವುದು ಅವರ ಚಾಳಿ. ಗಸಗಸೆ ತುಂಬಿದ ಸುರುಳಿ ರೊಟ್ಟಿ ಕತ್ತರಿಸಿಕೊಂಡು ಪೇಪರ್ ಓದುತ್ತಿದ್ದರು. ಕೋಟೂ ತೆಗೆಯದೆ ಓಡಿಬಂದವಳು ಕಪ್ಪು ಪೆಟ್ಟಿಗೆಯ ಮುಚ್ಚಳ ತೆಗೆದು ನೀರಿಗೆ ಬೆರಳದ್ದಿ ನಿಂತಿದ್ದನ್ನು ನೋಡಿ ಹುಬ್ಬೇರಿಸಿದರು.

"ಏನು, ಸೂಪಿಗೆ ಉಪ್ಪು ಸರಿಯಾಗಿದ್ಯಾ?"

"ನೀವೂ ಬೆರಳಿಡಿ."

ಇಟ್ಟರು. ನೀರು ಸಣ್ಣಗೆ, ಬಿಡದೆ ನಡುಗುತ್ತಿತ್ತು. ಗೊದಮೊಟ್ಟೆಗೆ ಮೈಯುದ್ದಕ್ಕೂ ನೀರಿನ ನಡುಕ ತಿಳಿಯುವ ಚುಕ್ಕೆಗಳಿವೆ. ಆ ನಡುಕದ ಸುದ್ದಿ ಮಿದುಳಿಗೆ ಹೋಗುವಾಗ ಬಂದು ಸೇರುವುದು ಕಣ್ಣಿನ ಸುದ್ದಿ ಬಂದು ಸೇರುವ ಅದೇ ಭಾಗಕ್ಕೆ. ಕಣ್ಣಿನದ್ದು ಮೇಲಿನ ಪದರಕ್ಕೆ, ನಡುಕದ್ದು ಕೆಳಗಿನ ಪದರಕ್ಕೆ. ಇದನ್ನು ಇಲ್ಡಿಕೊಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಪಂಪು ಇಟ್ಟಿದ್ದು ಯಾರು?"

"ನಾನೇ. ಪಾಪ ಅನ್ನಿಸ್ತು."

"ಪಾಪ ಅನ್ನಿಸ್ತಂತೆ! ಎಷ್ಟು ಜನ ಕಳ್ಳರು ಕೆಡಿಸದ ಪ್ರಯೋಗನ ಒಬ್ಬ ಪುಣ್ಯಾತ್ಗಿತ್ತಿ ಕೆಡಿಸಿದ್ಲು!" ಇಲ್ಡಿಕೊ ತಲೆ ಚಚ್ಚಿಕೊಂಡರು. "ಒಂದು ತೊಟ್ಟಿಗೆ ದೀಪಾಲಂಕಾರ, ಇನ್ನೊಂದಕ್ಕೆ ವಾದ್ಯಗೋಷ್ಠಿ. ಎರಡೂ ಸರಿಸಮ ಬರದೆ ಇನ್ನೇನಾಗತ್ತೆ?"

"ಮೂಲ ಚಿತ್ರ ತೆಗೆದು ನೋಡ್ಬೇಕು. ತಿರುಗಿಸದೇ ಇರೋದು."

ಇಲ್ಡಿಕೊ ಬಾಯಲ್ಲಿದ್ದ ರೊಟ್ಟಿ ಜಗಿಯುವುದು ನಿಂತಿತು. ಆ ಕಟ್ಟುನಿಟ್ಟನ್ನು ಮಾಡಿದವರು ಅವರು. ಯಾರೂ ಮುರಿದದ್ದಿಲ್ಲ. ಪೇಪರ್ ಮಡಚಿದರು, ಮತ್ತೆ ಬಿಚ್ಚಿದರು. "ಎಣಿಸಿದ್ದಾಗಿದೆ. ಅಂಕಿ ಇನ್ನು ಬದಲಾಗಲ್ಲ. ತೆಗಿ," ಅಂದರು.

ಪರದೆಯ ಮೇಲೆ ಮೊದಲು ಬೆಳಕಿನ ತೊಟ್ಟಿಯ ಕೋಶಗಳು ಬಂದವು. ರೆಂಬೆಗಳೆಲ್ಲಾ ಮೇಲ್ಮುಖ, ಕಣ್ಣಿನ ತಂತುಗಳು ಬರುವ ಕಡೆಗೆ. ಆಮೇಲೆ ಕತ್ತಲ ತೊಟ್ಟಿಯವು. ಮೇಲಿನ ರೆಂಬೆ ಬೋಳು ಬೋಳು. ಕೆಳಗೆ, ನಡುಕ ಬರುವ ಕಡೆಗೆ, ದಟ್ಟ ಪೊದೆ. ಒಂದಲ್ಲ, ತೆಗೆದ ಚಿತ್ರವೆಲ್ಲಾ ಹಾಗೇ. ಉದ್ದ ಅಳೆದರೆ ಸಮ, ತುದಿ ಎಣಿಸಿದರೆ ಸಮ. ಎತ್ತ ಬೆಳೆದಿದೆ ಅಂತ ಒಬ್ಬರೂ ನೋಡಿರಲಿಲ್ಲ, ಯಾಕೆಂದರೆ ನೋಡಬಾರದು ಅಂತ ತಾವೇ ಕಣ್ಣು ಕಟ್ಟಿಕೊಂಡಿದ್ದರು.

ಮಿರೇಯ್‌ಗೆ ನಗು ಬಂತು, ಜೊತೆಗೇ ಅಳುವೂ. ಕುರ್ಚಿಯಲ್ಲಿ ಕುಕ್ಕರಿಸಿ ಕೂತು ಒದೀಲ್ ವಿಷಯವೆಲ್ಲಾ ಹೇಳಿದಳು. ಇಲ್ಡಿಕೊ ರೊಟ್ಟಿಯ ದೊಡ್ಡ ತುಂಡನ್ನು ಅವಳ ಕಡೆ ತಳ್ಳಿದರು.

"ಮೂರ್ಖಿ, ಮಗು ಕಣ್ಣಿಗೆ ಕಪ್ಪೆಮರಿ ಸಾಕ್ಷಿ ಬೇಕಾ?"

"ಡಾಕ್ಟ್ರು ಹೇಳೋದು ಅವನ ಕಿವಿಗೆ ಹೋಗಲ್ಲ. ನಾನು ಹೇಳೋದು ಹೋಗತ್ತೆ. ಅದೇ ಕಷ್ಟ."

"ಹಾಗಾದ್ರೆ ಚಿತ್ರ ತಗೊಂಡು ಹೋಗು. ಆದ್ರೆ ಸಾಬೀತಾಯ್ತು ಅಂತ ಎಲ್ಲೂ ಬಾಯಿ ಬಿಡಬೇಡ. ಪಂಪು ತೆಗೆದು ಮತ್ತೆ ಶುರುವಿಂದ ಮಾಡ್ಬೇಕು. ಅದನ್ನ ನಾನು ನಾಳೆನೇ ಶುರುಮಾಡ್ತೀನಿ, ನೀನು ತಮ್ಮನ್ನ ನೋಡ್ಕೋ."

ಸೋಮವಾರ ಬೆಳಿಗ್ಗೆ ಮಿರೇಯ್ ಹೋದಾಗ ಲುಡೊ ಬೀದಿಯಲ್ಲಿದ್ದ. ಪಾಳಿ ಮುಗಿಸಿ ಬಂದವನು ಸಲಿಕೆ ಹಿಡಿದು ಮನೆಯ ಕಾರನ್ನು ಹಿಮದಿಂದ ಬಿಡಿಸುತ್ತಿದ್ದ. ಅವನದೇ ಜೊತೆಗಾರರ ಗಾಡಿ ಹಾದುಹೋಗುವಾಗ ಕಾರಿನ ಪಕ್ಕಕ್ಕೆ ಸೊಂಟದೆತ್ತರದ ಗೋಡೆ ಕಟ್ಟಿ ಹೋಗಿತ್ತು. ಕುತ್ತಿಗೆ ತನಕ ಕೆಂಪಾಗಿದ್ದ.

"ನನ್ನ ಕಾರು ಅಂತ ಗೊತ್ತಿದ್ದೇ ಹೂತು ಹೋಗಿದ್ದಾರೆ ಬಡ್ಡಿಮಕ್ಳು! ಇರ್ಲಿ, ಅವರ ಬೀದಿ ನನ್ನ ಕೈಗೂ ಬರತ್ತೆ."

ಮಿರೇಯ್ ಇನ್ನೊಂದು ಸಲಿಕೆ ತೆಗೆದುಕೊಂಡಳು. ಇಬ್ಬರೂ ಬೆವರುವಷ್ಟು ಅಗೆದರು. ಕೊನೆಗೆ ಲುಡೊ ಕಾರು ಹೊರಗೆ ತೆಗೆದು, ಉಳಿದ ಹಿಮ ಬಾಚಲು ಬೀದಿ ನಡುವೆ ನಿಲ್ಲಿಸಿ ಇಳಿದ. ಅವಳು ಕೈಗವಸು ಕಚ್ಚಿ ಎಳೆದು ಫೋನು ತೆಗೆದು ಚಿತ್ರ ತೋರಿಸಿದಳು. ಪಂಪಿನ ಕತೆ ಹೇಳಿದಳು. ಲುಡೊ ಮೂಗು ಒರೆಸಿಕೊಂಡು ತದೇಕಚಿತ್ತದಿಂದ ನೋಡಿದ.

"ಅಂದ್ರೆ ಕತ್ತಲಲ್ಲೂ ಬೆಳೆಯತ್ತೆ. ನಾನು ಹೇಳಿದ್ದೂ ಅದೇ ಅಲ್ವಾ? ಅವಳು ಹೇಗೋ ಬೆಳೀತಾಳೆ, ಅವಸರ ಯಾಕೆ?"

"ಬೆಳೆಯತ್ತೆ ಕಣೋ. ಎತ್ತ ಅಂತ ನೋಡು. ಮೇಲ್ಗಡೆ, ಕಣ್ಣಿಗೆ ಅಂತ ಇದ್ದ ಕಡೆ, ಏನಿದೆ?"

"ಏನೂ ಇಲ್ಲ."

"ಎಲ್ಲಾ ಇನ್ನೊಂದು ಕಡೆ ಹೋಗಿದೆ. ಯಾರು ಮಾತಾಡಿಸಿದ್ರೋ ಅವರ ಕಡೆಗೆ."

"ಆಮೇಲೆ ಬೆಳಕು ಬಂದ್ರೆ ವಾಪಸ್ ಬರಲ್ವಾ?"

ಅಷ್ಟರಲ್ಲಿ ಅವರ ಹಿಂದೆ ಒಂದು ಬೂದು ಬಣ್ಣದ ಕಾರು ಮೆಲ್ಲಗೆ ಬಂದು, ಒಂದು ಸಲ ಹಿಂದೆ, ಒಂದು ಸಲ ಮುಂದೆ ಆಡಿ, ಅವರು ಅಗೆದ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತುಬಿಟ್ಟಿತು. ಒಬ್ಬ ಸಣಕಲ ಗಂಡಸು ಇಳಿದು, ಬೀಗ ಹಾಕಿ, ಟೋಪಿ ಸರಿಮಾಡಿಕೊಂಡ.

"ಏಯ್! ಏಯ್ ಸ್ವಾಮಿ! ಅದು ನನ್ನ ಜಾಗ!" ಲುಡೊ ಸಲಿಕೆ ಎತ್ತಿಕೊಂಡು ನುಗ್ಗಿದ.

"ಹೆಸರು ಬರೆದಿದ್ಯಾ?"

"ಬೆನ್ನು ಮುರ್ಕೊಂಡು ಅಗೆದಿದ್ದು ನಾನು!"

"ಒಳ್ಳೆ ಕೆಲಸ ಮಾಡಿದ್ರಿ, ಥ್ಯಾಂಕ್ಸ್. ಖಾಲಿ ಇತ್ತು, ನಿಲ್ಲಿಸ್ದೆ. ಬೀದಿ ಎಲ್ಲರದ್ದು," ಅಂತ ಆ ಮನುಷ್ಯ ಹೋಗೇಬಿಟ್ಟ.

ಲುಡೊ ಬಾಯಿಗೆ ಬಂದದ್ದೆಲ್ಲಾ ಬೈದ. ಆ ಊರಿನ ಬೈಗುಳದ ರೂಢಿಯಂತೆ ಚರ್ಚಿನ ಪಾತ್ರೆ ಪಡಗ ಒಂದನ್ನೂ ಬಿಡದೆ ಎಲ್ಲದರ ಹೆಸರು ಎತ್ತಿ ಬೈದ. ಮಿರೇಯ್ ಅವನ ತೋಳು ಹಿಡಿದುಕೊಂಡಳು. ನಗಬಾರದು ಅಂತಿದ್ದರೂ ನಗು ಬರುತ್ತಿತ್ತು, ಆಮೇಲೆ ನಿಂತುಹೋಯಿತು.

"ಲುಡೊ, ಆ ಕಾರನ್ನ ಅಲ್ಲಿಂದ ಎಬ್ಬಿಸು ಹೋಗು."

"ಹೇಗೆ ಎಬ್ಬಿಸ್ಲಿ? ಕೂತ ಮೇಲೆ ಮುಗೀತು!"

"ಮತ್ತೆ ಏಪ್ರಿಲ್ಲಲ್ಲಿ ಒದೀಲ್ ಕಣ್ಣು ಬಂದು, ಇದು ನನ್ನ ಜಾಗ ಅಂದ್ರೆ?"

ಲುಡೊ ತಿರುಗಿ ನೋಡಿದ.

"ಅವಳ ತಲೇಲಿ ಕಣ್ಣಿಗೆ ಅಂತ ಒಂದು ಜಾಗ ಅಗೆದಿಟ್ಟಿದೆ ಕಣೋ. ಈಗ ಖಾಲಿ ಇದೆ. ಸದ್ದು ಬರತ್ತೆ, ನಡುಕ ಬರತ್ತೆ, ನಿನ್ನ ಲಾರಿ ಬರತ್ತೆ. ಅವರದ್ದೇನೂ ತಪ್ಪಿಲ್ಲ. ಖಾಲಿ ಕಂಡ್ರೆ ಕೂರ್ತಾರೆ. ಎಷ್ಟು ಬೇಗ ಕೂರ್ತಾರೆ ಅಂತ ನನ್ನ ಗೊದಮೊಟ್ಟೆ ಹೇಳಲ್ಲ, ಅದು ಡಾಕ್ಟ್ರಿಗೆ ಗೊತ್ತು. ಅವರು ಗುರುವಾರ ಅಂತಿದ್ದಾರೆ."

ಅವನು ಸಲಿಕೆಯ ಹಿಡಿಗೆ ಗದ್ದ ಊರಿ ನಿಂತ. ಬೂದು ಕಾರನ್ನೇ ನೋಡುತ್ತಿದ್ದ.

"ಏಳದೇ ಇದ್ರೆ ಮೀಮಿ?"

ಈ ಸಲ ತುಳಿಯಲು ಸೊಲೇನ್ ಕಾಲು ಇರಲಿಲ್ಲ. "ಏಳ್ತಾಳೆ ಅಂತ ಬರೆದುಕೊಡಕ್ಕೆ ನಂಗೆ ಬರಲ್ಲ. ಅಪ್ಪನ ಹೃದಯ ಮೊದಲೇ ಕೆಟ್ಟಿತ್ತು, ಯಾರಿಗೂ ಹೇಳ್ಕೊಂಡಿರ್ಲಿಲ್ಲ. ಇವಳದ್ದು ಗಟ್ಟಿಯಾಗಿದೆ, ನೋಡಿದ್ದಾರೆ. ಕೂಸುಗಳನ್ನ ಮಲಗಿಸಿ ಎಬ್ಬಿಸೋದೇ ಕಸುಬಾದವರು ಪಕ್ಕದಲ್ಲಿರ್ತಾರೆ. ನಂಗೂ ಭಯ ಇದೆ ಲುಡೊ. ಬಾಗಿಲ ಹೊರಗೆ ನಿನ್ನ ಪಕ್ಕ ಕೂತ್ಕೊಂಡು ಭಯ ಪಡ್ತೀನಿ. ಅಷ್ಟು ಮಾತ್ರ ಹೇಳಬಲ್ಲೆ."

ಹಿಂದಿನಿಂದ ಯಾರೋ ಹಾರ್ನ್ ಹೊಡೆದರು, ಬೀದಿ ನಡುವೆ ನಿಂತ ಕಾರಿಗೆ. ಲುಡೊ ಕೇಳಿಸಿಕೊಳ್ಳಲಿಲ್ಲ. ಕೈಗವಸು ತೆಗೆದು ಹಿಮದ ಮೇಲೆ ಬಿಸಾಕಿ ಫೋನು ತೆಗೆದ. ಬೆರಳು ಮರಗಟ್ಟಿ ಅಂಕಿ ತಪ್ಪಿತು, ಮತ್ತೆ ಒತ್ತಿದ. "ಹಲೋ, ನಾನು ಒದೀಲ್ ಅಪ್ಪ," ಅಂದ, ಆಮೇಲೆ ಫೋನನ್ನು ಅಕ್ಕನ ಕಡೆ ಚಾಚಿದ. ಮಿರೇಯ್ ಫೋನು ಇಸಿದುಕೊಂಡು, "ಗುರುವಾರಕ್ಕೆ ಬರ್ತೀವಿ," ಅಂತ ಮುಗಿಸಿದಳು.

ಗುರುವಾರ ಆ ಬಾಗಿಲ ಹೊರಗೆ ಮೂವರೂ ಕೂತರು. ಸೊಲೇನ್ ಮಗುವಿನ ಟೋಪಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಲುಡೊ ಬಾಗಿಲ ಮೇಲಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಹಸಿರು ಟೋಪಿಯ ಡಾಕ್ಟರಮ್ಮ ಬಾಗಿಲು ತಳ್ಳಿಕೊಂಡು ಬಂದು, "ಎದ್ದಿದ್ದಾಳೆ. ಹಸಿವು ಅಂತ ಆಸ್ಪತ್ರೆನೇ ಎತ್ತಿ ಹಾಕ್ತಿದ್ದಾಳೆ, ಯಾರಾದ್ರೂ ಬನ್ನಿ," ಅಂದಾಗ ಸೊಲೇನ್ ಎದ್ದು ಒಳಗೆ ಓಡಿದಳು, ಲುಡೊ ಕೂತಲ್ಲೇ ಉಳಿದ. ಅಕ್ಕನ ಹೆಗಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಮುಂದಿನ ವಾರ ಇನ್ನೊಂದು ಕಣ್ಣಿಗೂ ಹಾಗೇ ಕೂತರು. ಆಗಲೂ ಅಷ್ಟೇ ಭಯ, ಸ್ವಲ್ಪವೂ ಕಮ್ಮಿಯಾಗಲಿಲ್ಲ.

ಆಮೇಲೆ, ಪೊರೆಯೊಂದಿಗೆ ತೆಗೆದ ಕಣ್ಣಿನ ಮಸೂರದ ಬದಲಿಗೆ ಹೊರಗಿನಿಂದ ಮಸೂರ ಹಾಕುವ ದಿನ. ಅಂಗಿಯ ಗುಂಡಿಯಷ್ಟು ಅಗಲದ, ತೆಳುವಾದ ಎರಡು ಮಸೂರ. ಕ್ಲಿನಿಕ್ಕಿನ ಹೆಂಗಸು ಕಣ್ಣಿನ ಮೇಲೆ ಅವನ್ನು ಕೂರಿಸಿದ್ದೇ ತಡ, ಒದೀಲ್ ಕಿಟಾರನೆ ಕಿರುಚಿದಳು. ಕಿಟಕಿಯ ಬೆಳಕಿಗೆ ಮುಖ ತಿರುಗಿಸಿದಳು, ದೀಪಕ್ಕೆ ತಿರುಗಿಸಿದಳು, ಎತ್ತ ತಿರುಗಿದರೂ ಬೆಳಕೇ. ಮುಷ್ಟಿ ಬಿಗಿದು ಕೆಂಪು ಕೆಂಪಾದಳು. ಸೊಲೇನ್ ಕಣ್ಣೀರು ಹಾಕುತ್ತಿದ್ದಳು. ಲುಡೊ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಕಂಗಾಲಾಗಿ, "ಸಾಕು, ತೆಗೀರಿ, ಹೆದರಿಸ್ಬಿಟ್ವಿ ಇವಳನ್ನ," ಅಂತ ಅವಳ ಮೇಲೆ ಬಗ್ಗಿದ.

ಒದೀಲ್ ಅಳು ನಿಲ್ಲಿಸಿದಳು.

ಅವನ ಮುಖ ಅವಳ ಮುಖದ ಮೇಲಿತ್ತು. ಕಪ್ಪು ಗಡ್ಡ, ಕಪ್ಪು ಹುಬ್ಬು, ಹಿಂದೆ ಬಿಳಿ ಚಾವಣಿ. ಅವಳು ಉಸಿರೂ ಬಿಡದೆ ನೋಡಿದಳು. ಹಾಗೆ ನೋಡುವುದನ್ನು ಅವಳು ಯಾರಿಂದಲೂ ಕಲಿತಿರಲಿಲ್ಲ.

"ನನ್ನ ನೋಡ್ತಿದ್ದಾಳಾ?" ಲುಡೊ ತುಟಿ ಅಲುಗಿಸದೆ ಕೇಳಿದ. "ಇಲ್ಲ ಸುಮ್ನೆ ಎಲ್ಲೋ ನೋಡ್ತಿದ್ದಾಳಾ?"

"ಅಲ್ಲಾಡು, ಗೊತ್ತಾಗತ್ತೆ," ಅಂದಳು ಮಿರೇಯ್.

ಲುಡೊ ತಲೆಯನ್ನು ಎಡಕ್ಕೆ ಸರಿಸಿದ. ಏನೂ ಆಗಲಿಲ್ಲ. ಸೊಲೇನ್ ಅವನ ಅಂಗಿ ಹಿಡಿದುಕೊಂಡಳು. ಆಮೇಲೆ, ತಡವಾಗಿ, ಯೋಚಿಸಿ ತೀರ್ಮಾನ ಮಾಡಿದವಳಂತೆ, ಆ ಎರಡು ಕಣ್ಣುಗಳು ಅವನ ಹಿಂದೆ ಹೊರಟವು. ಮಧ್ಯೆ ಒಮ್ಮೆ ದಾರಿ ತಪ್ಪಿದವು. ಮತ್ತೆ ಹುಡುಕಿಕೊಂಡು ಬಂದು ಅವನ ಮುಖಕ್ಕೆ ತಲುಪಿ ಅಲ್ಲೇ ನಿಂತವು. ಅವನು ಬಲಕ್ಕೆ ಸರಿದ. ಬಂದವು.

"ಮೀಮಿ, ಬೆಳೀತಿದ್ಯಾ ಒಳಗೆ? ಈಗ?"

"ಈಗ್ಲೇ ಕಣೋ. ನಿನ್ನ ಕಡೆಗೇ."

"ಮುಂದಿನ ಮಗು ಕಾಯ್ತಿದೆ, ರೂಮು ಖಾಲಿ ಮಾಡಿಕೊಡಿ," ಅಂದಳು ಕ್ಲಿನಿಕ್ಕಿನ ಹೆಂಗಸು, ಮೆಲ್ಲಗೆ.

"ಒಂದ್ನಿಮಿಷ ತಾಯಿ, ಇನ್ನೊಂದೇ ಒಂದು ಸಲ," ಅಂತ ಲುಡೊ ಮತ್ತೆ ಎಡಕ್ಕೆ ಸರಿದ.